ಐಸಿಯುಗೆ ಮೊದಲು ಯಾವುದು: ಅಲ್ಟ್ರಾಸೌಂಡಾ, ಪೋರ್ಟಬಲ್ ಎಕ್ಸ್‌ರೇನಾ?

ಹಾಸನದಲ್ಲಿ ಸಣ್ಣದೊಂದು ಐಸಿಯು ಶುರು ಮಾಡ್ತಿರೋ ಗೆಳೆಯನ ಪ್ರಶ್ನೆ ಇದು. ದುಡ್ಡು ಒಂದಕ್ಕೇ ಇದೆಯಂತೆ. ನನ್ನ ಓಟು ಅಲ್ಟ್ರಾಸೌಂಡಿಗೆ.

ಶಿರಾಡಿ ಘಾಟಿಯಲ್ಲಿ ಗಾಡಿ ಪಲ್ಟಿಯಾಗಿ ಬಂದವರನ್ನೇ ತಗೊಳ್ಳಿ. ಮಲಗಿಸಿ ತೆಗೆದ ಎಕ್ಸ್‌ರೇಯಲ್ಲಿ ಶ್ವಾಸಕೋಶದ ಹೊರಗೆ ಸೇರಿಕೊಂಡ ಗಾಳಿ ಎಷ್ಟೋ ಸಲ ತಪ್ಪಿಹೋಗುತ್ತದೆ, ಯಾಕಂದ್ರೆ ಅದು ಎದೆಯ ಮುಂಭಾಗಕ್ಕೆ ಏರಿ ಕೂತಿರುತ್ತದೆ. ಅಲ್ಲೇ ಅಲ್ಟ್ರಾಸೌಂಡಿನ ಪ್ರೋಬ್ (ಮೈಮೇಲೆ ಇಟ್ಟು ನೋಡುವ ಹಿಡಿ) ಇಟ್ಟರೆ ಶ್ವಾಸಕೋಶದ ಪೊರೆ ಉಸಿರಿನ ಜೊತೆ ಜಾರುತ್ತಿದೆಯಾ ಇಲ್ವಾ ಅಂತ ಕಣ್ಣಿಗೇ ಕಾಣುತ್ತದೆ; ಜಾರುತ್ತಿದ್ದರೆ ಆ ಜಾಗದಲ್ಲಿ ಗಾಳಿ ಸೇರಿಲ್ಲ ಅಂತ ಅರ್ಥ. ಹೊಟ್ಟೆಯಲ್ಲಿ ರಕ್ತ ಇದೆಯಾ, ಹೃದಯ ಸರಿಯಾಗಿ ಹಿಂಡುತ್ತಿದೆಯಾ ಅನ್ನೋದೂ ಅಷ್ಟೇ. ಬಿಪಿ ಬಿದ್ದಾಗ ಸಲೈನ್ ಏರಿಸುವ ಮುಂಚೆ ಇದನ್ನು ನೋಡಿದರೆ ಎಷ್ಟು ವಾಸಿ ಅಲ್ವಾ? ವಿಕಿರಣವೂ ಇಲ್ಲ, ಬೇಕಾದರೆ ದಿನಕ್ಕೆ ನಾಲ್ಕು ಸಲ ನೋಡಿ.

ಎಕ್ಸ್‌ರೇಗೂ ಅದರ ಜಾಗ ಇದೆ. ಉಸಿರಿನ ಟ್ಯೂಬಿನ ತುದಿ ಎಲ್ಲಿ ನಿಂತಿದೆ ಅಂತ ನೋಡೋಕೆ ಅದೇ ಸುಲಭ. ಚರ್ಮದಡಿ ಗಾಳಿ ತುಂಬಿದ್ದರೆ ಅಲ್ಟ್ರಾಸೌಂಡಿನಲ್ಲಿ ಏನೂ ಕಾಣುವುದಿಲ್ಲ.

ದೊಡ್ಡ ತೊಂದರೆ ಬೇರೆ: ಎಲ್ಲವೂ ಪ್ರೋಬ್ ಹಿಡಿದವರ ಕೈ ಮೇಲೆ ನಿಂತಿದೆ. ರಾತ್ರಿ ಡ್ಯೂಟಿಯವರಿಗೆ ಬರದಿದ್ದರೆ ಮೆಷಿನ್ ಸುಮ್ನೆ ಮೂಲೆಯಲ್ಲಿ ಕೂರುತ್ತದೆ. ವೆಂಟಿಲೇಟರ್ ಮೇಲಿರುವವರಿಗೆ, ಬಿಪಿ ನಿಲ್ಲದವರಿಗೆ ದಿನಾ ಬೆಳಗ್ಗೆ ಪ್ರೋಬ್ ಇಟ್ಟು ನೋಡೋದು ಸರಿ. ನಾಳೆ ವಾರ್ಡಿಗೆ ಹೋಗುವವರಿಗೂ ಯಾಕೆ?

ಹಾಂ, ಲಿಂಗಪತ್ತೆ ತಡೆಯುವ 1994ರ ಕಾಯ್ದೆ ಪ್ರಕಾರ ನೋಂದಣಿ ಆಗದೆ ಅಲ್ಟ್ರಾಸೌಂಡ್ ಮೆಷಿನ್ ಇಟ್ಟುಕೊಳ್ಳುವ ಹಾಗಿಲ್ಲ. ಆರ್ಡರ್ ಕೊಡುವ ಮುಂಚೆಯೇ ಆ ಕಾಗದಪತ್ರ ಶುರು ಮಾಡಿ.