ಬಿಳಿ ಬಟ್ಟೆ ಸುತ್ತಿದ ‘ಶಾಂಪೇನ್’ ಬಂದರೆ ಬಟ್ಟೆ ಬಿಚ್ಚಿಸಿ ನೋಡಿ

ಬೆಂಗಳೂರಿನ ಸುತ್ತಮುತ್ತ ಫಾರ್ಮ್‌ಹೌಸ್ ಫಂಕ್ಷನ್‌ಗಳ ಕೊಟೇಶನ್‌ನಲ್ಲಿ ಈಗೀಗ ಒಂದು ಹೊಸ ಸಾಲು ಕಾಣಿಸುತ್ತಿದೆ: ‘ಶಾಂಪೇನ್ ಟೋಸ್ಟ್’, ಅಂದರೆ ಶಾಂಪೇನ್ ಎಂಬ ಗುಳ್ಳೆ ಬರುವ ವೈನಿನ ಗ್ಲಾಸ್ ಎತ್ತಿ ಎಲ್ಲರೂ ಶುಭ ಹಾರೈಸುವುದು. ಹೂವಿನ ಅಲಂಕಾರ, ಡಿಜೆ, ಲೈವ್ ದೋಸೆ ಕೌಂಟರ್, ಅದರ ಕೆಳಗೆ ಇದು. ಆ ಸಾಲಿಗೆ ಅಡ್ವಾನ್ಸ್ ಕೊಡುವ ಮುಂಚೆ ನಮಗೆ ಏನಾಯಿತು ಅಂತ ಓದಿಬಿಡಿ. ಕಂಪನಿಯ ಹೆಸರು ಹೇಳುವುದಿಲ್ಲ. ಹೆಸರು ಬೇರೆಯಾದರೂ ಆಟ ಇದೇ.

ಅಕ್ಕ-ಭಾವನ ಮದುವೆಗೆ 25 ವರ್ಷ ತುಂಬಿದ ಪಾರ್ಟಿ. ಕನಕಪುರ ರಸ್ತೆಯ ಕಡೆ ಜಾಗ. ಕೊಟೇಶನ್‌ನಲ್ಲಿ ‘ಇಂಪೋರ್ಟೆಡ್ ಶಾಂಪೇನ್, 12 ಬಾಟಲಿ’ ಎಂದಿತ್ತು, ಬಾಟಲಿಗೆ 8,000 ರೂಪಾಯಿ. 750 ಮಿಲಿ ಬಾಟಲಿಯಲ್ಲಿ ಆರು ಗ್ಲಾಸ್ ಬರುತ್ತದೆ, ಎಪ್ಪತ್ತು ಜನಕ್ಕೆ 12 ಸಾಕು. ಲೆಕ್ಕ ಸರಿ ಇತ್ತು. ಬೆಲೆಯೂ ಅಂಗಡಿ ಬೆಲೆಗೆ ಹತ್ತಿರವೇ ಇತ್ತು. ಯಾವ ಬ್ರ್ಯಾಂಡ್ ಅಂತ ಅಕ್ಕ ಫೋನಿನಲ್ಲಿ ಕೇಳಿದಾಗ, “ಸ್ಟಾಕ್ ನೋಡ್ಕೊಂಡು ಹೇಳ್ತೀವಿ ಮೇಡಂ, ಟಾಪ್ ಬ್ರ್ಯಾಂಡೇ ಇರತ್ತೆ” ಅಂದರು. ಮೊದಲ ಸುಳಿವು ಅಲ್ಲೇ ಇತ್ತು. ನಿಜವಾದ ಶಾಂಪೇನ್ ಕೊಡುವವರು ಬ್ರ್ಯಾಂಡ್ ಹೆಸರನ್ನೇ ಮೊದಲು ಹೇಳಿಕೊಳ್ಳುತ್ತಾರೆ.

ಅವತ್ತು ಬಿಳಿ ಗ್ಲೌಸ್ ಹಾಕಿದ ಹುಡುಗರು ಬಾಟಲಿಗಳನ್ನು ಬಿಳಿ ಬಟ್ಟೆಯಲ್ಲಿ ಕುತ್ತಿಗೆವರೆಗೂ ಸುತ್ತಿ ತಂದರು. ನೋಡಲು ಭರ್ಜರಿ. ಬಾಟಲಿ ತೆರೆದದ್ದು ಮಾತ್ರ ಕೌಂಟರಿನ ಹಿಂದೆ. ಗ್ಲಾಸಿನಲ್ಲಿ ದಪ್ಪ ದಪ್ಪ ಗುಳ್ಳೆ ಎದ್ದವು. ಮಾವ ಎರಡು ಮಾತಾಡಿ ಮುಗಿಸುವಷ್ಟರಲ್ಲಿ ಎಲ್ಲ ಸತ್ತು ಹೋದವು. ಭಾವ ಒಂದು ಗುಟುಕು ಕುಡಿದು ನನ್ನ ಕಿವಿಯಲ್ಲಿ, “ಏನೋ ಇದು? ಗೋಲಿ ಸೋಡಾಕ್ಕೆ ದ್ರಾಕ್ಷಿ ಎಸೆನ್ಸ್ ಬಿಟ್ಟಂಗಿದೆ” ಅಂದರು.

ನಾನು ಕೌಂಟರಿನ ಹಿಂದೆ ಹೋಗಿ ಬುಟ್ಟಿಯಲ್ಲಿದ್ದ ಬಿರಡೆಗಳನ್ನು ಎತ್ತಿ ನೋಡಿದೆ. ಪ್ಲಾಸ್ಟಿಕ್! ಇದನ್ನು ದಯವಿಟ್ಟು ನೆನಪಿಡಿ: ನಿಜವಾದ ಶಾಂಪೇನಿನ ಬಿರಡೆ ಕಾರ್ಕಿನದು. ಬಾಟಲಿಯ ಕುತ್ತಿಗೆಯೊಳಗೆ ಇರುವ ಭಾಗದಲ್ಲಿ ‘ಶಾಂಪೇನ್’ ಎಂದು ಅಚ್ಚು ಹಾಕಿರಲೇಬೇಕು, ಅದು ಫ್ರಾನ್ಸಿನ ಕಾನೂನು. ಬಟ್ಟೆ ಬಿಚ್ಚಿದರೆ ಲೇಬಲ್ ಮೇಲೆ ಬರೀ ‘ಸ್ಪಾರ್ಕ್ಲಿಂಗ್’ (ಗುಳ್ಳೆ ಬರುವ ವೈನ್) ಅಂತ ಇತ್ತು. ಹಿಂದೆ ಇರುವೆಯಂಥ ಅಕ್ಷರದಲ್ಲಿ, ಇಂಗಾಲದ ಡೈಆಕ್ಸೈಡ್ ಸೇರಿಸಿದೆ ಎಂದು ಬರೆದಿದ್ದರು. ಎಂಆರ್‌ಪಿ ಸಾವಿರ ರೂಪಾಯಿಯೂ ಇರಲಿಲ್ಲ.

ಮ್ಯಾನೇಜರ್ ಒಂಚೂರೂ ನಾಚಲಿಲ್ಲ. “ಸರ್, ಗುಳ್ಳೆ ಬರೋದೆಲ್ಲ ಶಾಂಪೇನೇ ಅಲ್ವಾ? ಗೆಸ್ಟ್‌ಗಳಿಗೆ ಯಾರಿಗ್ ಗೊತ್ತಾಗತ್ತೆ?”

ಅಲ್ಲ ಸ್ವಾಮಿ. ಶಾಂಪೇನ್ ಎನ್ನುವುದು ಫ್ರಾನ್ಸಿನ ಒಂದು ಪ್ರದೇಶ. ಪ್ಯಾರಿಸ್ಸಿನ ಈಶಾನ್ಯಕ್ಕೆ, ರ‍್ಯಾನ್ಸ್ ಮತ್ತು ಎಪೆರ್ನೇ ಊರುಗಳ ಸುತ್ತಮುತ್ತ. ಅಲ್ಲಿ ಬೆಳೆದ ದ್ರಾಕ್ಷಿಯಿಂದ, ಅಲ್ಲಿನ ನಿಯಮದಂತೆ ಮಾಡಿದ್ದಕ್ಕೆ ಮಾತ್ರ ಆ ಹೆಸರು. 1936ರಿಂದ ಫ್ರಾನ್ಸಿನಲ್ಲಿ ಇದಕ್ಕೆ ಕಾನೂನಿನ ಗಡಿಯಿದೆ. ಭಾರತದಲ್ಲೂ ಇದು ಜಿಐ, ಅಂದರೆ ಊರಿನ ಹೆಸರಿಗೆ ಕಾನೂನಿನ ರಕ್ಷಣೆ ಕೊಡುವ ಪಟ್ಟಿಯಲ್ಲಿದೆ, ನಮ್ಮ ಮೈಸೂರು ರೇಷ್ಮೆ ಇದೆಯಲ್ಲ, ಅದೇ ಪಟ್ಟಿ. ಹೆಚ್ಚಾಗಿ ಶಾರ್ಡನೆ, ಪಿನೋ ನ್ವಾರ್, ಮ್ಯೂನಿಯೇ ಎಂಬ ಮೂರು ದ್ರಾಕ್ಷಿಗಳನ್ನು ಬಳಸುತ್ತಾರೆ. ಮೊದಲು ಸಾದಾ ವೈನ್ ಮಾಡಿ, ಬಾಟಲಿಗೆ ತುಂಬಿ, ಸ್ವಲ್ಪ ಸಕ್ಕರೆ, ಯೀಸ್ಟ್ ಹಾಕಿ ಮುಚ್ಚುತ್ತಾರೆ. ಬಾಟಲಿಯೊಳಗೇ ಎರಡನೇ ಸಲ ಹುದುಗು ಬರುತ್ತದೆ. ಆ ಗುಳ್ಳೆ ಅಲ್ಲೇ ಹುಟ್ಟಿದ್ದು. ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಮಲಗಬೇಕು. ಒಂದೇ ವರ್ಷದ ಬೆಳೆಯದಾಗಿ, ಲೇಬಲ್ ಮೇಲೆ ಇಸವಿ ಹಾಕುವುದಾದರೆ ಕನಿಷ್ಠ 3 ವರ್ಷ. ಆ ಕಾಯುವಿಕೆಗೆ, ಕೈಕೆಲಸಕ್ಕೆ ನಾವು ದುಡ್ಡು ಕೊಡುವುದು. ಅದರ ಮೇಲೆ ನಮ್ಮ ದೇಶ ಬಹಳ ವರ್ಷಗಳಿಂದ ಹೊರಗಿನ ವೈನಿಗೆ 150% ಕಸ್ಟಮ್ಸ್ ಸುಂಕ ಹಾಕುತ್ತಾ ಬಂದಿದೆ. ಆಮೇಲೆ ರಾಜ್ಯದ ಅಬಕಾರಿ.

ಗ್ಯಾಸ್ ತುಂಬಿದ್ದು ಕುಡಿಯಬಾರದು ಎಂದು ನಾನು ಹೇಳುತ್ತಿಲ್ಲ. ಐಸ್ ಹಾಕಿ, ಹಣ್ಣು ಹಾಕಿ ಯಾರಾದರೂ ಖುಷಿಯಾಗಿ ಕುಡಿಯಲಿ. ಅದನ್ನು 8,000ಕ್ಕೆ ಮಾರಬಾರದು ಅಷ್ಟೇ. ಅದೇ ದುಡ್ಡಿನ ಐದನೇ ಒಂದು ಭಾಗಕ್ಕೆ ನಾವೇ ಇದಕ್ಕಿಂತ ಚೆನ್ನಾಗಿರುವುದನ್ನು ತರಬಹುದಿತ್ತು. ನನಗೆ ಜಾಸ್ತಿ ಹೊಟ್ಟೆ ಉರಿದದ್ದು ಅದಕ್ಕೆ.

ಸಾವಿರದಿಂದ ಎರಡು ಸಾವಿರದೊಳಗೆ ಕೊಳ್ಳುವುದಾದರೆ ಕಣ್ಣುಮುಚ್ಚಿ ನಮ್ಮ ದೇಶದ್ದೇ ತೆಗೆದುಕೊಳ್ಳಿ. ನಾಸಿಕ್‌ನ ಸುಲಾ ಬ್ರೂಟ್, ಗ್ರೋವರ್ ಜಂಪಾದವರ ಸ್ವಾರೇ, ಇವೆರಡರಲ್ಲೂ ಗುಳ್ಳೆ ಬಾಟಲಿಯೊಳಗೇ ಹುಟ್ಟಿದ್ದು, ಶಾಂಪೇನಿನವರ ಪದ್ಧತಿಯೇ. ಈ ಬೆಲೆಗೆ ಹೊರದೇಶದ್ದು ಸಿಕ್ಕರೆ ಸಂತೋಷಪಡಬೇಡಿ. ಸುಂಕ, ಹಡಗು, ಮಾರ್ಜಿನ್ ಎಲ್ಲ ಕಳೆದರೆ ಒಳಗಿರುವ ವೈನಿಗೆ ಉಳಿಯುವುದು ಪುಡಿಗಾಸು.

ಎರಡರಿಂದ ನಾಲ್ಕು ಸಾವಿರ ಇದ್ದರೆ ಇಟಲಿಯ ಪ್ರೊಸೆಕ್ಕೊ, ಸ್ಪೇನಿನ ಕಾವಾ ಬರುತ್ತವೆ. ಪ್ರೊಸೆಕ್ಕೊದ ಗುಳ್ಳೆ ಸಾಮಾನ್ಯವಾಗಿ ದೊಡ್ಡ ಸ್ಟೀಲ್ ಟ್ಯಾಂಕಿನಲ್ಲಿ ಹುಟ್ಟುತ್ತದೆ. ಹಣ್ಣಿನ ಪರಿಮಳ, ಹಗುರ, ಬೇಗ ಕುಡಿದು ಮುಗಿಸುವಂಥದ್ದು. ಕಾವಾ ಬಾಟಲಿಯೊಳಗೇ ಆಗುತ್ತದೆ, ಕನಿಷ್ಠ 9 ತಿಂಗಳು. ‘ರಿಸರ್ವಾ’ ಎಂದಿದ್ದರೆ 18 ತಿಂಗಳು. ಇವುಗಳ ನಡುವೆ ಆಯ್ಕೆ ಮಾಡುವುದಾದರೆ ನನ್ನ ಓಟು ಕಾವಾಕ್ಕೆ. ಪ್ರೊಸೆಕ್ಕೊ ಹೆಸರು ಜಾಸ್ತಿ ಓಡುತ್ತದೆ, ಆದ್ದರಿಂದ ಬೆಲೆಯೂ. ಫ್ರಾನ್ಸಿನದೇ ಬೇಕು, ಶಾಂಪೇನಿನಷ್ಟು ದುಡ್ಡು ಕೊಡಲ್ಲ ಅನ್ನುವವರು ‘ಕ್ರೆಮಾನ್’ ಎಂಬ ಲೇಬಲ್ ಹುಡುಕಿ. ಶಾಂಪೇನ್ ಪ್ರದೇಶದ ಹೊರಗೆ, ಆಲ್ಸಾಸ್, ಲ್ವಾರ್, ಬರ್ಗಂಡಿ ಕಡೆ ಅದೇ ರೀತಿ ಮಾಡಿದ್ದು. ಎಲ್ಲ ಅಂಗಡಿಯಲ್ಲೂ ಸಿಗುವುದಿಲ್ಲ, ಸಿಕ್ಕರೆ ಬಿಡಬೇಡಿ.

ನಿಜವಾದ ಶಾಂಪೇನ್ ಬೆಂಗಳೂರಿನಲ್ಲಿ ಸಾಮಾನ್ಯವಾಗಿ ಆರೇಳು ಸಾವಿರದ ಮೇಲೆಯೇ. ಯಾರಾದರೂ ಮೂರು ಸಾವಿರಕ್ಕೆ ಕೊಡುತ್ತೇನೆ ಅಂದರೆ ಅದು ಶಾಂಪೇನ್ ಅಲ್ಲ, ಇಲ್ಲವೇ ಸರಿಯಾದ ದಾರಿಯಲ್ಲಿ ಬಂದದ್ದಲ್ಲ. ಡಾಮ್ ಪೆರಿನ್ಯೋನ್‌ನಂಥದ್ದು 20,000 ದಾಟುತ್ತದೆ, ಎಪ್ಪತ್ತು ಜನ ನಿಂತುಕೊಂಡು ಗಟಗಟ ಕುಡಿಯುವ ಟೋಸ್ಟಿಗೆ ಅದು ಸುಮ್ನೆ ದಂಡ. ನಾಲ್ಕು ಜನ ಕೂತು ಕುಡಿಯುವಾಗ ಇರಲಿ. ಲೇಬಲ್ಲಿನ ಮೂಲೆಯಲ್ಲಿ ಎರಡಕ್ಷರದ ಸಣ್ಣ ಗುರುತೊಂದು ಇರುತ್ತದೆ. ‘ಎನ್‌ಎಂ’ ಎಂದರೆ ದ್ರಾಕ್ಷಿ ಕೊಂಡು ಮಾಡುವ ಕಂಪನಿ. ‘ಆರ್‌ಎಂ’ ಎಂದರೆ ತನ್ನ ತೋಟದ ದ್ರಾಕ್ಷಿಯಿಂದ ತಾನೇ ಮಾಡಿದ ರೈತ. ‘ಎಂಎ’ ಎಂದರೆ ಯಾರೋ ಮಾಡಿದ್ದಕ್ಕೆ ಇನ್ಯಾರೋ ತಮ್ಮ ಹೆಸರು ಅಂಟಿಸಿಕೊಂಡಿದ್ದು. ಅದೇ ಬೆಲೆಯಲ್ಲಿ ಆರ್‌ಎಂ ಸಿಕ್ಕರೆ ನಾನು ಅದನ್ನೇ ಎತ್ತಿಕೊಳ್ಳುತ್ತೇನೆ.

ಸಿಹಿಯ ವಿಷಯದಲ್ಲೂ ಜನ ಮೋಸ ಹೋಗುತ್ತಾರೆ, ಇದರಲ್ಲಿ ಅಂಗಡಿಯವರ ತಪ್ಪಿಲ್ಲ. ‘ಬ್ರೂಟ್’ ಅಂದರೆ ಲೀಟರಿಗೆ 12 ಗ್ರಾಂಗಿಂತ ಕಡಿಮೆ ಸಕ್ಕರೆ. ‘ಎಕ್ಸ್‌ಟ್ರಾ ಡ್ರೈ’ ಅಂದರೆ ಇನ್ನೂ ಕಡಿಮೆ ಇರಬೇಕು ಅಂದುಕೊಳ್ಳುತ್ತೀರಿ, ಅಲ್ವಾ? ಇಲ್ಲ, ಜಾಸ್ತಿ, 12ರಿಂದ 17 ಗ್ರಾಂ. ‘ಡೆಮಿ ಸೆಕ್’ 32ರಿಂದ 50. ನಮ್ಮ ಕಡೆ ಕೇಕ್ ಕತ್ತರಿಸಿದ ಮೇಲೆ, ಬಾಯಿಗೆ ಕ್ರೀಮ್ ಇಟ್ಟ ಮೇಲೆ ಬ್ರೂಟ್ ಕೊಡುತ್ತಾರೆ. ಆಗ ಎಷ್ಟೇ ದುಬಾರಿಯದಾದರೂ ಬರೀ ಹುಳಿ. ಕೇಕಿನ ಜೊತೆಗಾದರೆ ಡೆಮಿ ಸೆಕ್. ಬ್ರೂಟ್ ಅನ್ನು ಕರಿದ ತಿಂಡಿ ಬರುವಾಗ ಕೊಡಿ. ಮದ್ದೂರು ವಡೆಯ ಜೊತೆ ಒಮ್ಮೆ ಕುಡಿದು ನೋಡಿ, ಆಮೇಲೆ ಮಾತಾಡೋಣ.

ನಮ್ಮ ಕಥೆ ಟೋಸ್ಟಿಗೆ ಮುಗಿಯಲಿಲ್ಲ. ಊಟಕ್ಕೆ ಕೊಟ್ಟ ವೈನ್ ಅದೇ ಕಂಪನಿಯವರು ‘ನಮ್ಮ ಪರಿಚಯದ ಅಂಗಡಿ’ಯಿಂದ ತರಿಸಿದ್ದು. ಬಿಳಿ ವೈನ್, ಏಳು ವರ್ಷ ಹಳೆಯದು. “ವೈನ್ ಹಳೇದಾದಷ್ಟೂ ಒಳ್ಳೇದು ಸರ್” ಎಂದು ಅದಕ್ಕೆ ಬೇರೆ ಬೆಲೆ ಜಾಸ್ತಿ. ಗ್ಲಾಸಿಗೆ ಬಗ್ಗಿಸಿದರೆ ಕಂದು ಬಣ್ಣ, ಕೊಳೆತ ಸೇಬಿನ ವಾಸನೆ. ಆ ಅಂಗಡಿಗೆ ಆಮೇಲೆ ಹೋಗಿ ನೋಡಿದೆ. ಬಾಟಲಿಗಳು ಗಾಜಿನ ಕಿಟಕಿಯಲ್ಲಿ, ಮಧ್ಯಾಹ್ನದ ಬಿಸಿಲಿಗೆ ಎದುರಾಗಿ, ನೆಟ್ಟಗೆ ನಿಂತಿದ್ದವು. ಒಳಗೆ ಎಸಿ ಇಲ್ಲ. ಏಪ್ರಿಲ್ ತಿಂಗಳಲ್ಲಿ ಆ ಕಿಟಕಿಯ ಶಾಖ ಊಹಿಸಿಕೊಳ್ಳಿ.

ಪ್ರಪಂಚದ ಬಹುಪಾಲು ವೈನ್ ಬೇಗ ಕುಡಿಯಲಿಕ್ಕೆಂದೇ ಮಾಡಿದ್ದು. ವರ್ಷಗಟ್ಟಲೆ ಇಟ್ಟರೆ ಚೆನ್ನಾಗುವಂಥವು ಕೆಲವೇ, ಅವೂ ತಂಪಿನಲ್ಲಿ, ಕತ್ತಲಲ್ಲಿ ಮಲಗಿದ್ದರೆ ಮಾತ್ರ. ಎರಡು ಸಾವಿರದೊಳಗಿನ ಬಿಳಿ ವೈನ್ ಆದರೆ ಕಳೆದ ಎರಡು-ಮೂರು ವರ್ಷದ ಇಸವಿ ನೋಡಿ ತನ್ನಿ. ಬಿರಡೆ ಸ್ವಲ್ಪ ಮೇಲೆದ್ದಿದ್ದರೆ, ಕುತ್ತಿಗೆಯ ಹತ್ತಿರ ಅಂಟು ಅಂಟಾಗಿ ಸೋರಿದ ಗುರುತಿದ್ದರೆ, ಆ ಬಾಟಲಿ ಬಿಸಿಗೆ ಬೆಂದಿದೆ. ಬೆಳಕೂ ಕೆಡಿಸುತ್ತದೆ, ಅದರಲ್ಲೂ ಬಣ್ಣವಿಲ್ಲದ ಬಾಟಲಿಯ ವೈನನ್ನು. ಬೆಂದ ಎಲೆಕೋಸಿನ ವಾಸನೆ ಬರುತ್ತದೆ. ಕ್ರಿಸ್ಟಾಲ್ ಎಂಬ ದುಬಾರಿ ಶಾಂಪೇನಿಗೆ ಬಣ್ಣದ ಹಾಳೆ ಸುತ್ತಿರುವುದು ಚಂದಕ್ಕಲ್ಲ, ಅದರ ಬಾಟಲಿ ಪಾರದರ್ಶಕ, ಬೆಳಕು ತಡೆಯಲಿಕ್ಕೆ ಆ ಹಾಳೆ. ಅಂಗಡಿಯಲ್ಲಿ ಶೋಗೆ ಇಟ್ಟ ಬಾಟಲಿ ಕೊಡಬೇಡಿ, ಒಳಗಿನ ಪೆಟ್ಟಿಗೆಯಿಂದ ತೆಗೆದುಕೊಡಿ ಎಂದು ಕೇಳಿ. ಕೇಳುವುದಕ್ಕೆ ನಾಚಿಕೆ ಯಾಕೆ?

ತಿರುಗಿಸಿ ತೆಗೆಯುವ ಮುಚ್ಚಳ ಕಂಡು ಅಗ್ಗದ ಮಾಲು ಅಂದುಕೊಳ್ಳುವವರೂ ಇದ್ದಾರೆ. ನಮ್ಮ ಹವೆಗೆ ಆ ಮುಚ್ಚಳವೇ ವಾಸಿ, ಬಿರಡೆಯಂತೆ ಒಣಗಿ ಬಿರಿಯುವುದಿಲ್ಲ.

ಊಟಕ್ಕೆ ಸಾದಾ ವೈನ್ ಆದರೆ ದೂರ ಹುಡುಕಬೇಕಿಲ್ಲ. ದೊಡ್ಡಬಳ್ಳಾಪುರದ ಹತ್ತಿರ, ನಂದಿಬೆಟ್ಟದ ತಪ್ಪಲಿನ ಗ್ರೋವರ್‌ನವರ ಲಾ ರಿಸರ್ವ್ ಕೆಂಪು ವೈನ್, ಕ್ಯಾಬರ್ನೆ ಮತ್ತು ಶಿರಾಜ್ ದ್ರಾಕ್ಷಿ ಬೆರೆಸಿದ್ದು, ಯಾರ ಮುಂದೆಯೂ ಇಡಬಹುದು. ಕೈ ಸ್ವಲ್ಪ ಧಾರಾಳವಾಗಿದ್ದರೆ ಹಂಪಿ ಕಡೆಯ ಕ್ರಿಸ್ಮಾದವರ ವೈನ್. ಖಾರದ ಊಟವಾದರೆ ಒಗರು ಜಾಸ್ತಿ ಇರುವ ಕೆಂಪು ಬೇಡ, ಖಾರ ಇನ್ನೂ ಏರುತ್ತದೆ. ಶೆನಿನ್ ಬ್ಲಾಂಕ್ ಬಿಳಿ ವೈನ್ ತಂಪು ಮಾಡಿ ಕೊಡಿ. ಇನ್ನು ನಾಲ್ಕೈದು ನೂರಿನೊಳಗೆ ಸಿಗುವ ಇಲ್ಲಿನ ‘ಪೋರ್ಟ್’ ವೈನಿಗೂ ಪೋರ್ಚುಗಲ್ಲಿನ ಪೋರ್ಟಿಗೂ ಸಂಬಂಧವಿಲ್ಲ. ಸಿಹಿಯಾಗಿರುತ್ತದೆ, ಅಜ್ಜಿಗೆ ಇಷ್ಟ, ನನಗೂ ದ್ವೇಷವಿಲ್ಲ. ಅದನ್ನು ಅದರ ಬೆಲೆಗೇ ಕೊಟ್ಟರೆ ತಕರಾರೇ ಇಲ್ಲ.

ಇನ್ನೊಂದು ಬಲೆ ‘ಡ್ಯೂಟಿ ಫ್ರೀ ಸ್ಟಾಕ್ ಇದೆ, ಅರ್ಧ ಬೆಲೆ’ ಎಂದು ಬರುವ ಮೆಸೇಜು. ವಿದೇಶದಿಂದ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್, ಅದೂ ಸ್ವಂತಕ್ಕೆ. ಪೆಟ್ಟಿಗೆಗಟ್ಟಲೆ ಮಾರುವವನ ಹತ್ತಿರ ಅದು ಹೇಗೆ ಬಂತು? ಇಲ್ಲಿ ಸರಿಯಾಗಿ ಮಾರುವ ವಿದೇಶಿ ಬಾಟಲಿಯ ಮೇಲೆ ಆಮದುದಾರರ ಹೆಸರು-ವಿಳಾಸ, ಎಂಆರ್‌ಪಿ, ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತೆ ನೋಡುವ ಸರ್ಕಾರಿ ಸಂಸ್ಥೆ) ಸಂಖ್ಯೆಯ ಚೀಟಿ ಇರುತ್ತದೆ. ಚೀಟಿ ಇಲ್ಲದಿದ್ದರೆ ಮುಟ್ಟಬೇಡಿ.

ಬಿಲ್ಲಿನ ಜಗಳ ಏನಾಯಿತು ಅಂತ ಹೇಳಿಬಿಡುತ್ತೇನೆ. ಕೊಟೇಶನ್ನಿನ ಪ್ರತಿ ಅಕ್ಕನ ಹತ್ತಿರ ಇತ್ತು. ಬಾಟಲಿ, ಬಿರಡೆ, ಲೇಬಲ್ ಎಲ್ಲದರ ಫೋಟೋ ನನ್ನ ಹತ್ತಿರ. ಕಂಪನಿಯವರು ಮೊದಲು ಜೋರು ಮಾಡಿದರು. ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡುತ್ತೇವೆ, ಬೇಕಾದರೆ ಗ್ರಾಹಕರ ಆಯೋಗಕ್ಕೂ ಹೋಗುತ್ತೇವೆ ಎಂದ ಮೇಲೆ ದನಿ ಇಳಿಯಿತು. ಕೊನೆಗೆ ಬಾಟಲಿಯ ಮೇಲಿದ್ದ ಎಂಆರ್‌ಪಿಯಷ್ಟೇ ಕೊಟ್ಟೆವು. ಕೆಟ್ಟ ಬಿಳಿ ವೈನಿನ ದುಡ್ಡು ಮಾತ್ರ ವಾಪಸ್ ಬರಲಿಲ್ಲ, ಅಂಗಡಿಯ ಬಿಲ್ಲೇ ಕೊಟ್ಟಿರಲಿಲ್ಲ.

ನೀವು ಬುಕ್ ಮಾಡುವಾಗ ಕೊಟೇಶನ್ನಿನಲ್ಲಿ ಬ್ರ್ಯಾಂಡ್, ಬ್ರೂಟೋ ಡೆಮಿ ಸೆಕ್ಕೋ, ಎಷ್ಟು ಮಿಲಿ, ಎಂಆರ್‌ಪಿ ಎಷ್ಟು, ಎಲ್ಲ ಬರೆಸಿಕೊಳ್ಳಿ. ಅಂಗಡಿ ಬಿಲ್ ಕೇಳಿ. ಒಂದು ದಿನದ ಫಂಕ್ಷನ್ನಿಗೆ ಬೇಕಾದ ಅಬಕಾರಿ ಲೈಸೆನ್ಸ್, ಸಿಎಲ್-5, ಯಾರ ಹೆಸರಿನಲ್ಲಿ ತೆಗೆದಿದ್ದಾರೆ ಅಂತಲೂ ಮೊದಲೇ ನೋಡಿ. ಬಾಟಲಿಯನ್ನು ಬಟ್ಟೆ ಸುತ್ತದೆ ತಂದು, ನಮ್ಮೆದುರಿಗೇ ತೆರೆಯಬೇಕು, ಖಾಲಿ ಬಾಟಲಿ, ಬಿರಡೆ ನಮಗೇ ಕೊಡಬೇಕು ಎಂದು ಒಂದು ಸಾಲು ಸೇರಿಸಿ. ಆ ಸಾಲು ಓದಿ ಮ್ಯಾನೇಜರ್ ಮುಖ ಸಿಂಡರಿಸಿದರೆ ದೋಸೆ ಕೌಂಟರ್ ಮಾತ್ರ ಅವರಿಗೆ ಕೊಟ್ಟು, ಬಾಟಲಿ ನೀವೇ ತನ್ನಿ.