ಟ್ರಾಲಿ ಹುಕ್ ಇಳಿಸಿದೆ, ಮುಂದಿನ ಗಾಲಿ ನೆಲ ಹಿಡಿಯಿತು

ಎರಡು ಗಾಲಿ ಟ್ರಾಲಿ ಇದ್ದವರಿಗೆ ಈ ಕಾಟ ಗೊತ್ತಿರುತ್ತದೆ. ಜನವರಿಯಲ್ಲಿ 60 ಚೀಲ ತೊಗರಿ ಹೇರಿಕೊಂಡು ಕಲಬುರಗಿ ಎಪಿಎಂಸಿಗೆ ಹೊರಟಿದ್ದೆ, ಸೇತುವೆ ಏರುವಾಗ ಟ್ರ್ಯಾಕ್ಟರಿನ ಮುಂದಿನ ಗಾಲಿ ಹಗುರಾಗಿ ಸ್ಟೇರಿಂಗ್ ತಿರುವಿದರೂ ಗಾಡಿ ನೆಟ್ಟಗೇ ಹೋಗುತ್ತಿತ್ತು. ಜೀವ ಬಾಯಿಗೆ ಬಂತು.

ಹುಮನಾಬಾದ್ ರಸ್ತೆ ಕಡೆಯ ಒಂದು ವೆಲ್ಡಿಂಗ್ ಅಂಗಡಿಗೆ ಹೋದೆ. ಟ್ರ್ಯಾಕ್ಟರ್ ಹಿಂದೆ ಟ್ರಾಲಿ ಸಿಕ್ಕಿಸುವ ಹುಕ್ ಸುಮ್ನೆ ಹೊಸದು ಹಾಕಿಬಿಡು ಅಂದರೆ ಮಿಸ್ತ್ರಿ ಕೇಳಲೇ ಇಲ್ಲ. ಮೊದಲು ಬರೀ ಟ್ರ್ಯಾಕ್ಟರ್, ಆಮೇಲೆ ತುಂಬಿದ ಟ್ರಾಲಿ ಸಿಕ್ಕಿಸಿ, ಎರಡು ಸಲ ಟೇಪ್ ಹಿಡಿದು ಬಂಪರ್ ನೆಲದಿಂದ ಎಷ್ಟು ಎತ್ತರ ಅಂತ ಅಳೆದು ಬಾನೆಟ್ ಮೇಲೆ ಚಾಕ್‌ಪೀಸಿನಲ್ಲಿ ಬರೆದ. "ಹುಕ್ ಭಾಳ ಮ್ಯಾಗ ಅದರೀ ಅಣ್ಣಾ, ಅದಕ್ಕೇ ಮೂತಿ ಏಳ್ತದ" ಅಂದ.

ಅಮೆರಿಕದಲ್ಲಿ ಗಾಡಿ ಹಿಂದೆ ಮನೆಯಂಥ ಟ್ರೇಲರ್ ಎಳೆಯುವವರು ಸ್ಪ್ರಿಂಗ್ ಪಟ್ಟಿಯ ಹಿಚ್ (ಟ್ರೇಲರ್ ಸಿಕ್ಕಿಸುವ ಜೋಡಣೆ) ಹಾಕಿ ಭಾರವನ್ನು ಮುಂದಿನ ಗಾಲಿಗೂ ಹಂಚುತ್ತಾರೆ. ಟ್ರೇಲರ್ ತೂಕದಲ್ಲಿ ಶೇ. 10ರಿಂದ 15 ಹುಕ್ ಮೇಲಿರಬೇಕು ಅನ್ನೋದು ಅವರ ಲೆಕ್ಕ. ನಮ್ಮ ಮಿಸ್ತ್ರಿ ಹುಕ್ ಇಳಿಸಿ, ಮುಂದೆ ನಾಲ್ಕು ಕಬ್ಬಿಣದ ವೇಟ್ ಕಟ್ಟಿದ, ಅಷ್ಟೇ. ಚೀಲ ಎಲ್ಲಾ ಮುಂದೆ ಒಟ್ಟಬೇಡಿ, ಹಾಗಂತ ಪೂರ್ತಿ ಹಿಂದಕ್ಕೂ ತಳ್ಳಬೇಡಿ, ಟ್ರಾಲಿ ಬಾಲ ಅಲ್ಲಾಡಿಸುತ್ತದೆ ಅಂತಲೂ ಹೇಳಿ ಕಳಿಸಿದ.

ಈಗ ಅದೇ ಸೇತುವೆ ಮೇಲೆ ಸ್ಟೇರಿಂಗ್ ಕೈಗೆ ಸಿಗುತ್ತದೆ. ಎರಡು ದಿನದ ಕೆಲಸಕ್ಕೆ ಐದು ದಿನ ಓಡಾಡಿಸಿದ್ದು ಬೇರೆ ಮಾತು. ಹುಕ್ಕಿನ ಪಿನ್ ಜಾರದಂತೆ ಕೊಟ್ಟ ಕ್ಲಿಪ್ ಮಾತ್ರ ತೀರಾ ತೆಳು, ಮೂರನೇ ದಿನಕ್ಕೇ ಬಿದ್ದುಹೋಯಿತು, ನಾನೇ ದಪ್ಪಂದು ತಂದು ಹಾಕಿದೆ.