ನೀರು ಉಳಿಸುವ ಪಲ್ಪರ್: ಎರಡು ಕೊಯ್ಲು ಕಂಡ ಮೇಲೆ

ಮೂಡಿಗೆರೆ ತಾಲ್ಲೂಕಿನಲ್ಲಿ ನಮ್ಮದು ಎಂಟು ಎಕರೆ ಅರೇಬಿಕಾ ಕಾಫಿ. ತೋಟದ ಕೆಳಗಿನ ಹಳ್ಳ ಹೇಮಾವತಿಗೆ ಸೇರುತ್ತದೆ. ಮೂರು ವರ್ಷದ ಹಿಂದೆ, ಡಿಸೆಂಬರ್ ಕೊಯ್ಲು ಭರದಿಂದ ಸಾಗಿದ್ದಾಗ, ಕೆಳಗಿನ ಗದ್ದೆಯ ಅಜ್ಜಿ ಒಂದು ಚೊಂಬು ಹಳ್ಳದ ನೀರು ತಂದು ನಮ್ಮ ಜಗುಲಿಯ ಮೇಲಿಟ್ಟರು. “ನೋಡಮ್ಮಾ, ನಮ್ಮ ದನ ಇದನ್ನು ಮೂಸಿ ಹಾಗೆಯೇ ತಿರುಗಿ ಬರುತ್ತವೆ” ಎಂದರು. ಕಂದು ಬಣ್ಣ, ಹುಳಿ ನಾತ. ಹಣ್ಣಿನ ಸಿಪ್ಪೆ ಸುಲಿದು ಬೀಜ ತೊಳೆಯುವ ನಮ್ಮ ಪಲ್ಪರ್ ಮನೆಯದೇ ನೀರು.

ಅದನ್ನು ಹಳ್ಳಕ್ಕೆ ಬಿಡಬಾರದೆಂಬ ನಿಯಮ ನನಗೆ ಗೊತ್ತಿತ್ತು. ನಿಯಮಕ್ಕೆ ಹೆದರಿ ಗುಂಡಿಯನ್ನೂ ತೋಡಿಸಿದ್ದೆ; ಅದು ತುಂಬಿ ಹರಿದಾಗ ತಿರುಗಿ ನೋಡಿರಲಿಲ್ಲ. ಆ ಚೊಂಬು ಮಾತ್ರ ನನ್ನ ನಿದ್ದೆ ಕೆಡಿಸಿತು. ಜನವರಿಗೇ ಕೆರೆಯ ತಳ ಕಾಣುತ್ತಿದ್ದುದೂ ಒಂದು ಕಾರಣ. ಮುಂದಿನ ಕೊಯ್ಲಿಗೆ ನೀರು ಉಳಿಸುವ ಇಕೋ ಪಲ್ಪರ್ ಯಂತ್ರ ತರಿಸಿದೆ.

ಸುಲಿದ ಬೀಜಕ್ಕೆ ಅಂಟಿದ ಲೋಳೆ ಬಿಡಲೆಂದು ಅದನ್ನು ತೊಟ್ಟಿಯಲ್ಲಿ ಒಂದು ದಿನ, ಚಳಿ ಹೆಚ್ಚಿದ್ದರೆ ಒಂದೂವರೆ ದಿನ ಹುಳಿಯಲು ಬಿಟ್ಟು, ಮತ್ತೆ ಮತ್ತೆ ತೊಳೆಯುವುದು ನಮ್ಮ ಹಳೆಯ ಪದ್ಧತಿ. ಈ ಯಂತ್ರದಲ್ಲಿ ಬೀಜಗಳು ಕೊಳವೆಯೊಳಗೆ ಒಂದಕ್ಕೊಂದು ಉಜ್ಜಿಕೊಂಡು ಲೋಳೆ ಅಲ್ಲಿಯೇ ಕಳಚುತ್ತದೆ. ಸಂಜೆ ಅಳೆದ ಹಣ್ಣು ಮರುದಿನ ಬೆಳಿಗ್ಗೆ ತೆಳು ಹೊಟ್ಟು ಮಾತ್ರ ಉಳಿದ ಪಾರ್ಚ್‌ಮೆಂಟ್ ಆಗಿ ಕಣದಲ್ಲಿರುತ್ತದೆ. ಏಳೆಂಟು ಕ್ವಿಂಟಾಲ್ ಹಣ್ಣಿಗೆ ಮೊದಲು ಐದು ಸಾವಿರ ಲೀಟರಿನ ಟ್ಯಾಂಕ್ ಒಂದೂವರೆ ಬಾರಿ ಖಾಲಿಯಾಗುತ್ತಿತ್ತು. ಈಗ ಸಾವಿರ ಲೀಟರಿನ ಸಿಂಟೆಕ್ಸ್ ಸಾಕು. ಮೊದಲ ರಾತ್ರಿ ಟಾರ್ಚ್ ಹಿಡಿದು ಎರಡು ಸಲ ಒಳಗೆ ಇಣುಕಿದ್ದೆ, ನಂಬಿಕೆಯಾಗಿರಲಿಲ್ಲ.

ರುಚಿ ಕೆಡುತ್ತದೆ ಎನ್ನುವವರಿದ್ದಾರೆ. ಮೊದಲ ವರ್ಷ ಎರಡೂ ಬಗೆಯದನ್ನು ಹುರಿದು, ಪುಡಿ ಮಾಡಿ ಮನೆಯಲ್ಲಿ ಕುಡಿದೆವು. ತೊಟ್ಟಿಯಲ್ಲಿ ಹುಳಿತದ್ದಕ್ಕೆ ಹಣ್ಣಿನ ಪರಿಮಳ ತುಸು ಹೆಚ್ಚು, ಒಪ್ಪುತ್ತೇನೆ. ಆದರೆ ಚಳಿ ಹೆಚ್ಚುಕಡಿಮೆಯಾಗಿ ತೊಟ್ಟಿಯಲ್ಲಿ ಅತಿಯಾಗಿ ಹುಳಿತು ಕೆಡುವ ಭಯ ಇದರಲ್ಲಿಲ್ಲ.

ದೂರುಗಳೂ ಇವೆ. ಅರೆಹಣ್ಣು, ಕಾಯಿ ಬೆರೆತರೆ ಬೀಜ ಗಾಯವಾಗುತ್ತದೆ, ಆದ್ದರಿಂದ ಕೊಯ್ಯುವವರಿಗೆ ಕೆಂಪು ಹಣ್ಣನ್ನೇ ಬಿಡಿಸಲು ಹೇಳಿ ಕೂಲಿ ಸ್ವಲ್ಪ ಹೆಚ್ಚಿಸಬೇಕಾಯಿತು. ಯಂತ್ರಕ್ಕೆ ಮೂರು ಫೇಸ್ ವಿದ್ಯುತ್ ಬೇಕು. ನಮ್ಮಲ್ಲಿ ಅದು ಬರುವುದು ರಾತ್ರಿ ಹನ್ನೊಂದಕ್ಕೆ. ಎರಡನೆಯ ವರ್ಷ ಜರಡಿ ಹರಿದಾಗ ಮಾರಿದವರು ಹೊಸದನ್ನು ಕಳಿಸಲು ಹನ್ನೊಂದು ದಿನ ತೆಗೆದುಕೊಂಡರು. ಅಷ್ಟೂ ದಿನದ ಹಣ್ಣನ್ನು ಸುಲಿಯದೆ ಇಡಿಯಾಗಿ, ಚೆರಿಯಾಗಿ ಒಣಗಿಸಿದೆ, ಬೆಲೆಯಲ್ಲಿ ಪೆಟ್ಟು ಬಿತ್ತು. ಕೊಳ್ಳುವಾಗಲೇ ಒಂದು ಜರಡಿ ಹೆಚ್ಚಿಗೆ ಕೇಳಿ ಇಟ್ಟುಕೊಳ್ಳಿ.

ಮಾರುವವರು ಹೇಳದ ಇನ್ನೊಂದು ಮಾತಿದೆ. ನೀರು ಕಡಿಮೆಯಾಯಿತು, ಲೋಳೆ ಕಡಿಮೆಯಾಗಲಿಲ್ಲ. ಹೊರಬರುವುದು ಗಂಜಿಯಂತಹ ಮಂದ ದ್ರವ, ಹಳೆಯ ನೀರಿಗಿಂತ ಕಟುವಾದ ಹುಳಿ. ಅದನ್ನು ಹಳ್ಳಕ್ಕೆ ಬಿಟ್ಟರೆ ಇಷ್ಟೆಲ್ಲ ಮಾಡಿದ್ದು ವ್ಯರ್ಥ. ನಾನು ಸುಣ್ಣ ಬೆರೆಸಿ, ಸಿಪ್ಪೆಯ ರಾಶಿಯ ಮೇಲೆ ಸುರಿದು, ಸಗಣಿಯೊಂದಿಗೆ ಗೊಬ್ಬರ ಮಾಡುತ್ತಿದ್ದೇನೆ. ಈ ದ್ರವಕ್ಕೆಂದು ತೋಡುವ ಗುಂಡಿ ಹಳ್ಳದಿಂದ ದೂರ, ಎತ್ತರದ ಜಾಗದಲ್ಲಿರಲಿ. ಅದನ್ನು ತೋಡಿಸಿ ಆದ ಮೇಲೆಯೇ ಯಂತ್ರಕ್ಕೆ ಮುಂಗಡ ಕೊಡಿ.